ಬಿಸಿಲುಕೋಲಿನ ಅಗಲ: ಕನ್ನಡಿಚೂರಿನಿಂದ ಒಂದು ಅಳತೆ

ಶಾಲೆಯ ಪಠ್ಯಗಳಲ್ಲಿ ಸೂರ್ಯಕಿರಣಗಳೆಂದರೆ ಸಮಾಂತರ ಗೆರೆಗಳು. ಮಸೂರದ ನಾಭಿಯನ್ನು ಗುರುತಿಸಲು ಅಷ್ಟು ಸಾಕು. ಆದರೆ ಹಂಚಿನ ಮಾಡಿನ ಸಂದಿಯಿಂದ ಇಳಿಯುವ ಬಿಸಿಲುಕೋಲು ಈ ಗ್ರಹಿಕೆಯನ್ನು ಒಪ್ಪುವುದಿಲ್ಲ. ಕಿರಣಗಳು ನಿಜಕ್ಕೂ ಸಮಾಂತರವಾಗಿದ್ದರೆ ಮುಕ್ಕೋನದ ಸಂದಿ ನೆಲದ ಮೇಲೆ ಮುಕ್ಕೋನವನ್ನೇ ಮೂಡಿಸಬೇಕಿತ್ತು. ಮೂಡುವುದು ದುಂಡನೆಯ ಬಿಲ್ಲೆ, ಬಿಸಿಲು ಓರೆಯಾಗಿದ್ದರೆ ಮೊಟ್ಟೆಯಾಕಾರದ್ದು. ಈ ದುಂಡುತನ ಸಂದಿಯದಲ್ಲ, ಸೂರ್ಯನದು ಎಂಬುದನ್ನು ಮನೆಯಲ್ಲೇ ಅಳೆದು ತೋರಿಸಬಹುದು ಎಂಬುದು ಈ ಲೇಖನದ ವಾದ.

ಪ್ರಶ್ನೆ ಹಳೆಯದು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ‘ಪ್ರಾಬ್ಲೆಮಾಟಾ’ ಗ್ರಂಥ, ಚೌಕನೆಯ ಕಂಡಿಗಳಿಂದ ಬಂದ ಬಿಸಿಲು ದುಂಡಗಾಗುವುದೇಕೆ ಎಂದು ಕೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ಗ್ರಹಣದ ಬಿಂಬವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಿದ. ಯೂರೋಪಿನಲ್ಲಿ ಗಂಟು ಬಿಡಿಸಿದವನು ಕೆಪ್ಲರ್. 1604ರ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ಅವನು ಹೇಳುವ ಪ್ರಯೋಗಕ್ಕೆ ಬೆಳಕೇ ಬೇಕಿಲ್ಲ. ಎತ್ತರದಲ್ಲಿ ಒಂದು ಪುಸ್ತಕ, ನಡುವೆ ಹಲವು ಮೂಲೆಗಳ ರಂಧ್ರವಿರುವ ಹಲಗೆ. ಪುಸ್ತಕದ ಮೂಲೆಯಿಂದ ಒಂದು ದಾರ ಎಳೆದು, ರಂಧ್ರದ ಅಂಚುಗಳನ್ನು ಸವರಿಕೊಂಡು ಹೋಗುವಂತೆ ನೆಲದವರೆಗೆ ತಂದು ಗುರುತು ಹಾಕಿದ. ಒಂದು ಬಿಂದುವಿನಿಂದ ರಂಧ್ರದ ಆಕಾರ ಮೂಡಿತು. ಪುಸ್ತಕದ ಅಂಚಿನುದ್ದಕ್ಕೂ ಹೀಗೇ ಮಾಡಿದಾಗ ಆ ಆಕಾರಗಳೆಲ್ಲ ಸೇರಿ ಪುಸ್ತಕದ ಆಕಾರವಾಯಿತು. ದೃಗ್ವಿಜ್ಞಾನದಲ್ಲಿ ಇಷ್ಟು ಅಗ್ಗದ, ಇಷ್ಟು ನಿರ್ಣಾಯಕವಾದ ಪ್ರಯೋಗಗಳು ಕಡಿಮೆ.

ಬಿಸಿಲಿನಲ್ಲಿ ಇದನ್ನು ಅಳೆಯಲು ಕನ್ನಡಿಚೂರಿಗೆ ಕಪ್ಪು ಕಾಗದ ಅಂಟಿಸಿ, ಅದರಲ್ಲಿ ಸುಮಾರು 5 ಮಿ.ಮೀ. ಬದಿಯ ಮುಕ್ಕೋನ ಕತ್ತರಿಸಬೇಕು. ಕನ್ನಡಿಯನ್ನು ಕಿಟಕಿಯಲ್ಲಿಟ್ಟು ಬೆಳಕನ್ನು ಮಬ್ಬುಗತ್ತಲಿನ ಕೋಣೆಯ ಗೋಡೆಗೆ ಹಾಯಿಸಬೇಕು. (ಕನ್ನಡಿಯೊಳಗಿನ ಸೂರ್ಯನನ್ನೂ ನೇರ ನೋಡಬಾರದು.) ಒಂದು ಗೇಣಿಗಿಂತ ಹತ್ತಿರ ಹಿಡಿದ ಬಿಳಿ ಹಾಳೆಯ ಮೇಲೆ ಮುಕ್ಕೋನ ಸ್ಪಷ್ಟ. ಹಾಳೆ ಹಿಂದೆ ಸರಿದಂತೆ ಮೂಲೆಗಳು ಕರಗುತ್ತವೆ. 3 ಮೀಟರ್ ದಾಟಿದ ಮೇಲೆ ಮುಕ್ಕೋನದ ಸುಳಿವೇ ಇರದು.

ಲೆಕ್ಕ ಸರಳ. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ., ದೂರ ಸುಮಾರು 15 ಕೋಟಿ ಕಿ.ಮೀ.; ಹಾಗಾಗಿ ಅದರ ಬಿಂಬದ ವ್ಯಾಸ ರಂಧ್ರದಿಂದ ಪರದೆಗಿರುವ ದೂರದ ಸುಮಾರು 107ನೆಯ ಒಂದು ಪಾಲು. 10 ಸೆಂ.ಮೀ. ದೂರದಲ್ಲಿ ಬಿಂಬ 1 ಮಿ.ಮೀ.ಗಿಂತ ಚಿಕ್ಕದು, ಅಲ್ಲಿ ರಂಧ್ರದ ಆಕಾರವೇ ಗೆಲ್ಲುತ್ತದೆ. 3 ಮೀಟರಿನಲ್ಲಿ ಬಿಂಬ 28 ಮಿ.ಮೀ., ರಂಧ್ರ ಅದರ ಅಂಚನ್ನು ಮಸುಕು ಮಾಡುವುದಕ್ಕಷ್ಟೇ ಶಕ್ತ. ಇವೆರಡೂ ಸರಿಗಟ್ಟುವುದು ಅರ್ಧ ಮೀಟರಿನ ಆಸುಪಾಸಿನಲ್ಲಿ. ಊದುಬತ್ತಿಯ ಹೊಗೆ ಹಾಯಿಸಿದರೆ ಬಿಸಿಲುಕೋಲು ಉದ್ದಕ್ಕೂ ಕಾಣುತ್ತದೆ ನಿಜ, ಆದರೆ ಇಷ್ಟು ಮೆಲ್ಲಗೆ ಅಗಲವಾಗುವುದನ್ನು ಕಣ್ಣು ಹಿಡಿಯಲಾರದು. ಸಮಾಂತರದ ಭ್ರಮೆ ಗಟ್ಟಿಯಾಗುವುದು ಅಲ್ಲೇ.

ಮೂಲದ ಆಕಾರ ಬದಲಾದರೆ ಬಿಲ್ಲೆಯ ಆಕಾರವೂ ಬದಲಾಗಬೇಕು. ಈ ಪರೀಕ್ಷೆಯನ್ನು ಗ್ರಹಣ ತಾನಾಗಿಯೇ ಒದಗಿಸುತ್ತದೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಪಥ ಕೊಡಗಿನ ಕುಟ್ಟದ ಮೇಲೆ ಹಾದಿತ್ತು. ಅಂಥ ಹೊತ್ತಿನಲ್ಲಿ ಎಲೆಗಳ ಸಂದಿಯಿಂದ ಬೀಳುವ ಬಿಲ್ಲೆಗಳೆಲ್ಲ ಬಳೆಗಳಾಗುತ್ತವೆ, ಭಾಗಶಃ ಗ್ರಹಣವಿದ್ದಲ್ಲಿ ಕುಡುಗೋಲಿನಂತೆ ಬಾಗುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದೊಳಗೆ ಗೋಡೆಯ ಮೇಲೆ ತಲೆಕೆಳಗಾಗಿ ಕಾಣುವ ರಾಜಗೋಪುರಕ್ಕೂ ಇದೇ ನಿಯಮ. ಅಲ್ಲಿ ಬೆಳಕಿನ ಮೂಲ ಬಿಸಿಲು ಬಿದ್ದ ಗೋಪುರ.

ರಂಧ್ರವನ್ನು ಕಿರಿದು ಮಾಡುತ್ತ ಹೋದರೆ ಬಿಂಬ ಸ್ಫುಟವಾಗುತ್ತಲೇ ಇರುತ್ತದೆಯೇ? ಇಲ್ಲ. 3 ಮೀಟರಿನ ದೂರಕ್ಕೆ ಒಂದೆರಡು ಮಿ.ಮೀ.ಗಿಂತ ಚಿಕ್ಕ ರಂಧ್ರದಲ್ಲಿ ಬೆಳಕಿನ ತರಂಗಗುಣ ಅಡ್ಡಬರುತ್ತದೆ: ಬಿಂಬ ಮಂಕಾಗುತ್ತದೆ, ಅಂಚು ಹರಿತವಾಗುವುದಿಲ್ಲ.

ಹೆಚ್ಚು ನಿಖರತೆ ಬೇಕಾದವರು ದೂರವನ್ನು ಹಿಗ್ಗಿಸಬೇಕು. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಆರಂಭದಲ್ಲಿ, ಅತಿ ದೂರ ಸರಿಯುವುದು ಜುಲೈ ಆರಂಭದಲ್ಲಿ. ಅಂತರದ ವ್ಯತ್ಯಾಸ ಶೇ. 3ಕ್ಕಿಂತ ತುಸು ಹೆಚ್ಚು. 3 ಮೀಟರಿನ ಕೋಣೆಯಲ್ಲಿ ಇದರಿಂದ ಬಿಂಬದ ವ್ಯಾಸದಲ್ಲಾಗುವ ವ್ಯತ್ಯಾಸ 1 ಮಿ.ಮೀ.ಗೂ ಕಡಿಮೆ, ಮಸುಕಿನಲ್ಲಿ ಕಳೆದುಹೋಗುತ್ತದೆ. 20 ಮೀಟರಿನ ಪಡಸಾಲೆಯಲ್ಲಾದರೆ 189 ಮತ್ತು 183 ಮಿ.ಮೀ., ಅಂದರೆ 6 ಮಿ.ಮೀ. ವ್ಯತ್ಯಾಸ. ಎರಡೂ ಸಲ ಅದೇ ರಂಧ್ರ ಬಳಸಿ, ಬಿಂಬ ಮೊಟ್ಟೆಯಾಗಿದ್ದರೆ ಅದರ ಕಿರಿಯ ಅಕ್ಷವನ್ನೇ ಅಳೆದರೆ ಸಾಮಾನ್ಯ ಸ್ಕೇಲಿಗೂ ಇದು ಸಿಗಬಲ್ಲದು. ಜುಲೈನಲ್ಲಿ ಮಳೆಮೋಡ ಬಿಡದ ಕರಾವಳಿ, ಮಲೆನಾಡುಗಳಲ್ಲಿ ಜೂನಿನ ಆರಂಭದ ಬಿಸಿಲನ್ನೇ ಬಳಸಿಕೊಳ್ಳಬಹುದು. ಅಷ್ಟರಲ್ಲಿ ಬಿಂಬ ಜುಲೈನ ಅಳತೆಗೆ ಒಂದು ಮಿ.ಮೀ.ನೊಳಗೆ ಬಂದಿರುತ್ತದೆ.