ಬಿಡಿ ಕೂಡಿದರೂ ಇಡಿಯಾಗದ ಫೋನು

ನೇಗಿಲಿನ ಕುಳ ಸವೆದರೆ ರೈತ ಕುಳವನ್ನಷ್ಟೇ ಬದಲಾಯಿಸುತ್ತಾನೆ, ನೇಗಿಲನ್ನು ಬಿಸಾಡುವುದಿಲ್ಲ. ಸೈಕಲ್ಲಿನ ಟ್ಯೂಬು ಹರಿದರೆ ಮನೆಗೆ ಬರುವುದು ಹೊಸ ಟ್ಯೂಬು, ಹೊಸ ಸೈಕಲ್ಲಲ್ಲ. ಈ ಹಳೆಯ ವಿವೇಕ ಸ್ಮಾರ್ಟ್‌ಫೋನಿನ ವಿಷಯದಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಬ್ಯಾಟರಿ ಸೊರಗಿತೆಂದೋ ಕ್ಯಾಮೆರಾ ಹಳೆಯದಾಯಿತೆಂದೋ ಇಡೀ ಫೋನನ್ನೇ ಮೂಲೆಗೆ ಹಾಕುವುದು ವಾಡಿಕೆಯಾಯಿತು. ಆ ವಾಡಿಕೆಯನ್ನು ಮುರಿಯಲು ಹಲವು ಪ್ರಯತ್ನಗಳು ನಡೆದವು. ಅವುಗಳಲ್ಲಿ ಭಾರತದ ಅಂಗಡಿಗಳಿಗೂ ಬಂದದ್ದು ಮೋಟೊರೋಲಾ ಸಂಸ್ಥೆಯ ಮಧ್ಯಮ ಬೆಲೆಯ ‘ಮೋಟೊ ಝಡ್ ಪ್ಲೇ’. ಅದರ ಗುಣದೋಷಗಳನ್ನು ತೂಗಿ ನೋಡಿದರೆ, ಬಿಡಿಗಳನ್ನು ಜೋಡಿಸುವ ಫೋನಿನ ಕನಸು ಎಲ್ಲಿ ಎಡವಿತೆಂಬುದು ಸ್ಪಷ್ಟವಾಗುತ್ತದೆ.

ಕನಸಿನ ಮೂಲ

ಕಂಪ್ಯೂಟರಿನ ಲೋಕದಲ್ಲಿ ಈ ಕನಸು ನನಸಾಗಿತ್ತು. 1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನೊಳಗೆ ಹೊಸ ಕಾರ್ಡುಗಳನ್ನು ಸಿಕ್ಕಿಸಲು ಐದು ಖಾಲಿ ಜಾಗಗಳಿದ್ದವು. ಅವುಗಳ ತಾಂತ್ರಿಕ ವಿವರವನ್ನು ಸಂಸ್ಥೆ ಮುಚ್ಚಿಡಲಿಲ್ಲ. ಹೀಗಾಗಿ ಯಾರು ಬೇಕಾದರೂ ಕಾರ್ಡು ತಯಾರಿಸಬಹುದಾಯಿತು, ಪೈಪೋಟಿಯಿಂದ ಬೆಲೆ ಇಳಿಯಿತು. ಮೇಜಿನ ಮೇಲೆ ಸಾಧ್ಯವಾದದ್ದು ಅಂಗೈಯಲ್ಲೇಕೆ ಆಗಬಾರದು?

ಇಸ್ರೇಲಿನ ಡೋವ್ ಮೊರಾನ್ 2008ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಅವರ ‘ಮೋಡು’ ಒಂದು ಪುಟ್ಟ ಫೋನು. ಬೇಕಾದಂತೆ ಅದಕ್ಕೆ ಬೇರೆ ಬೇರೆ ‘ಅಂಗಿ’ಗಳನ್ನು ತೊಡಿಸಬಹುದಿತ್ತು. 2011ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಅದರ ಹಕ್ಕುಪತ್ರಗಳನ್ನು ಗೂಗಲ್ ಕೊಂಡಿತು. 2013ರಲ್ಲಿ ನೆದರ್ಲೆಂಡ್ಸಿನ ವಿನ್ಯಾಸಕಾರ ಡೇವ್ ಹಾಕೆನ್ಸ್ ಇಟ್ಟಿಗೆಗಳಂತೆ ಭಾಗಗಳನ್ನು ಜೋಡಿಸುವ ಫೋನಿನ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟರು. ಅದೇ ವರ್ಷ, ಆಗ ಗೂಗಲ್ ಒಡೆತನದಲ್ಲಿದ್ದ ಮೋಟೊರೋಲಾ ‘ಪ್ರಾಜೆಕ್ಟ್ ಆರಾ’ವನ್ನು ಪ್ರಕಟಿಸಿತು. ಪ್ರೊಸೆಸರ್, ಪರದೆ, ಬ್ಯಾಟರಿ ಎಲ್ಲವನ್ನೂ ಕಳಚಿ ಬದಲಿಸಬಹುದೆಂಬುದು ಅದರ ಭರವಸೆ. 2016ರ ಮೇ ತಿಂಗಳ ಹೊತ್ತಿಗೆ ಈ ಮೂರೂ ಫೋನಿನ ಒಡಲಿಗೇ ಅಂಟಿಕೊಂಡವು. ಸೆಪ್ಟೆಂಬರಿನಲ್ಲಿ ಯೋಜನೆಯೇ ನಿಂತಿತು.

ಮೋಟೊರೋಲಾ ಅಷ್ಟರಲ್ಲಿ ಚೀನಾದ ಲೆನೊವೊ ಪಾಲಾಗಿತ್ತು. ಅದು ಹೆಚ್ಚು ವಿನಯದ ದಾರಿ ಹಿಡಿಯಿತು. ಫೋನು ಇಡಿಯಾಗಿಯೇ ಇರಲಿ, ಅದರ ಬೆನ್ನಿಗೆ ಬೇಕಾದ ಸಲಕರಣೆ ಅಂಟಲಿ ಎಂಬುದು ‘ಮೋಟೊ ಝಡ್’ ಸಾಲಿನ ಸೂತ್ರ. ಭಾರತಕ್ಕೆ ಈ ಫೋನುಗಳು 2016ರ ಅಕ್ಟೋಬರಿನಲ್ಲಿ ಬಂದವು. ‘ಮೋಟೊ ಝಡ್’ಗೆ 39,999 ರೂಪಾಯಿ, ‘ಝಡ್ ಪ್ಲೇ’ಗೆ 24,999 ರೂಪಾಯಿ.

ತಮ್ಮನೇ ಮೇಲು

ಅಗ್ಗದ ತಮ್ಮನೇ ಹಲವು ವಿಷಯಗಳಲ್ಲಿ ದುಬಾರಿ ಅಣ್ಣನಿಗಿಂತ ಮೇಲಾಗಿದ್ದ. ಕೇವಲ 5.2 ಮಿಲಿಮೀಟರ್ ದಪ್ಪಕ್ಕೆ ಇಳಿಯುವ ಹಟದಲ್ಲಿ ಮೋಟೊ ಝಡ್ ಇಯರ್‌ಫೋನಿನ ರಂಧ್ರವನ್ನೇ ಕೈಬಿಟ್ಟಿತ್ತು. 7 ಮಿಲಿಮೀಟರಿನ ಪ್ಲೇ ಅದನ್ನು ಉಳಿಸಿಕೊಂಡಿತು. ಜೊತೆಗೆ 3,510 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಗೂ ಜಾಗ ಸಿಕ್ಕಿತು. ಅದರ ‘ಸ್ನಾಪ್‌ಡ್ರ್ಯಾಗನ್ 625’ ಪ್ರೊಸೆಸರ್ ಅತಿ ವೇಗದ್ದಲ್ಲ, ಆದರೆ ಮಿತವ್ಯಯಿ. ದೊಡ್ಡ ಬ್ಯಾಟರಿ, ಕಡಿಮೆ ಖರ್ಚಿನ ಪ್ರೊಸೆಸರ್ ಎರಡೂ ಸೇರಿದ್ದರಿಂದ ಚಾರ್ಜು ಬಹುಕಾಲ ಬಾಳುತ್ತಿತ್ತು.

ಜೋಡಣೆಯೂ ಸುಲಭ. ಆಯಸ್ಕಾಂತಗಳು ಸಲಕರಣೆಯನ್ನು ಬೆನ್ನಿಗೆ ಹಿಡಿದಿಡುತ್ತಿದ್ದವು. 16 ಲೋಹದ ಮೊಳೆಗಳ ಮೂಲಕ ವಿದ್ಯುತ್ತು, ಮಾಹಿತಿ ಹರಿಯುತ್ತಿದ್ದವು. ಫೋನನ್ನು ಆರಿಸುವ ಗೊಡವೆಯಿಲ್ಲ. ಅದೇ ವರ್ಷದ ಎಲ್‌ಜಿ ಜಿ5 ಫೋನಿನಲ್ಲಾದರೋ, ಕೆಳತುದಿಯನ್ನು ಎಳೆದರೆ ಬ್ಯಾಟರಿಯೂ ಹೊರಬಂದು ಫೋನು ಆರಿಹೋಗುತ್ತಿತ್ತು. ಎಲ್‌ಜಿ ಮರುವರ್ಷವೇ ಈ ವಿಧಾನವನ್ನು ಕೈಬಿಟ್ಟಿತು. ಮೋಟೊರೋಲಾ ಹಾಗೆ ಮಾಡಲಿಲ್ಲ. 2016ರಲ್ಲಿ ಕೊಂಡ ಸ್ಪೀಕರು 2019ರ ‘ಝಡ್ 4’ರ ಬೆನ್ನಿಗೂ ಕೂರುತ್ತಿತ್ತು. 2019ರ ಏಪ್ರಿಲಿನಲ್ಲಿ ಅಮೆರಿಕದ ಷಿಕಾಗೊ, ಮಿನಿಯಾಪೊಲಿಸ್ ನಗರಗಳಲ್ಲಿ 5ಜಿ ಸೇವೆ ಶುರುವಾದಾಗ, ಹಿಂದಿನ ವರ್ಷದ ‘ಝಡ್ 3’ ಫೋನಿಗೆ ಒಂದು ಸಲಕರಣೆ ಅಂಟಿಸಿ ಅದನ್ನು ಬಳಸುವಂತಾಯಿತು. ಹಳೆಯ ಫೋನು ಹೊಸ ಕಾಲಕ್ಕೆ ಹೊಂದಿಕೊಂಡ ಅಪರೂಪದ ಸಂದರ್ಭವದು.

ಮಾತು ಕೊಟ್ಟ ಕಷ್ಟ

ಆದರೆ ಲೆಕ್ಕ ಹಾಕಲು ಕುಳಿತ ಗ್ರಾಹಕನಿಗೆ ಕಂಡದ್ದೇ ಬೇರೆ. ಹ್ಯಾಸಲ್‌ಬ್ಲಾಡ್ ಹೆಸರಿನ ಕ್ಯಾಮೆರಾ 10 ಪಟ್ಟು ಹತ್ತಿರ ತೋರಿಸುತ್ತಿತ್ತು, ನಿಜ. ಅದರ ಬೆಲೆ 19,999 ರೂಪಾಯಿ. ಗೋಡೆಯ ಮೇಲೆ ಚಿತ್ರ ಬೀರುವ ಪ್ರೊಜೆಕ್ಟರಿಗೂ ಅಷ್ಟೇ. 25 ಸಾವಿರದ ಫೋನಿಗೆ 20 ಸಾವಿರದ ಸಲಕರಣೆ! ಮಧ್ಯಮ ಬೆಲೆಯ ಫೋನು ಕೊಳ್ಳುವವನ ಜೇಬಿಗೂ ಈ ಬೆಲೆಗೂ ತಾಳೆಯಾಗಲಿಲ್ಲ. ತೂಕವೂ ಸಣ್ಣದಲ್ಲ. 165 ಗ್ರಾಮಿನ ಫೋನು ಸುಮಾರು 145 ಗ್ರಾಮಿನ ಸ್ಪೀಕರನ್ನು ಹೊತ್ತರೆ ಜೇಬಿನಲ್ಲಿ ಇಡುವಂತಿರಲಿಲ್ಲ.

ಎರಡನೆಯದು ಆಕಾರದ ಸೆರೆ. ಹಳೆಯ ಸಲಕರಣೆ ಹೊಸ ಫೋನಿಗೂ ಕೂರಬೇಕೆಂದರೆ ಫೋನಿನ ಉದ್ದಗಲ ಬದಲಾಗುವಂತಿಲ್ಲ. 2017ರಲ್ಲಿ ಬೇರೆ ಸಂಸ್ಥೆಗಳು ನೀಳ ಪರದೆಗಳತ್ತ ಹೊರಳಿದಾಗ ಮೋಟೊರೋಲಾ ಹಳೆಯ ಅಚ್ಚಿನಲ್ಲೇ ಉಳಿಯಬೇಕಾಯಿತು. ಆ ವರ್ಷದ ‘ಝಡ್ 2 ಪ್ಲೇ’ ಒಂದು ಮಿಲಿಮೀಟರ್ ತೆಳುವಾಯಿತು. ಅದಕ್ಕಾಗಿ ಬ್ಯಾಟರಿಯನ್ನು 3,000ಕ್ಕೆ ಇಳಿಸಲಾಯಿತು. ಕೊರತೆಯನ್ನು ಬೆನ್ನಿಗೆ ಬ್ಯಾಟರಿ ಅಂಟಿಸಿ ತುಂಬಿಕೊಳ್ಳಬಹುದಿತ್ತು. ಅದಕ್ಕೆ ಬೇರೆ ಹಣ. ಫೋನಿನ ಅತಿ ದೊಡ್ಡ ಗುಣವನ್ನೇ ಕಿತ್ತು ಬಿಡಿಯಾಗಿ ಮಾರಿದಂತಾಯಿತು. ಕೊಟ್ಟ ಮಾತನ್ನು ಉಳಿಸಿಕೊಂಡದ್ದು ಸಂಸ್ಥೆಯ ಹಿರಿಮೆ; ಅದನ್ನು ಕಟ್ಟಿಹಾಕಿದ್ದೂ ಆ ಮಾತೇ.

ಮೂರನೆಯದು ಮೂಲದ ದೋಷ. ಫೋನು ಹಳತಾಗುವುದು ಬ್ಯಾಟರಿ ಕುಂದಿದಾಗ, ಪರದೆ ಒಡೆದಾಗ, ಪ್ರೊಸೆಸರ್ ಹಿಂದೆ ಬಿದ್ದಾಗ. ಝಡ್ ಪ್ಲೇಯಲ್ಲಿ ಈ ಮೂರನ್ನೂ ಗ್ರಾಹಕ ಸುಲಭವಾಗಿ ಬದಲಿಸುವಂತಿರಲಿಲ್ಲ. ಕಳಚಲು ಬರುತ್ತಿದ್ದದ್ದು ಇಲ್ಲದಿದ್ದರೂ ನಡೆಯುವ ವಸ್ತುಗಳು ಮಾತ್ರ. ಸಲಕರಣೆ ತಯಾರಿಸಲು ಹೊರಗಿನವರಿಗೂ ಅವಕಾಶವಿತ್ತು. ಆದರೆ ಐಬಿಎಂ ಕಾರ್ಡಿಗೆ ಅನೇಕ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಜಾಗವಿದ್ದರೆ, ಈ ಸಲಕರಣೆಗಳಿಗೆ ಇದ್ದದ್ದು ಒಂದೇ ಸಂಸ್ಥೆಯ ಕೆಲವು ಫೋನುಗಳು. ಝಡ್ 4ರೊಂದಿಗೆ ಆ ಸಾಲು ಮುಗಿದಾಗ, ಚೆನ್ನಾಗಿದ್ದ ಸ್ಪೀಕರು, ಪ್ರೊಜೆಕ್ಟರುಗಳಿಗೆ ಕೂರಲು ಹೊಸ ಬೆನ್ನಿಲ್ಲದಂತಾಯಿತು. ಕಸ ತಗ್ಗಿಸಬೇಕಾಗಿದ್ದ ವಿಧಾನವೇ ಹೊಸ ಬಗೆಯ ಕಸಕ್ಕೆ ದಾರಿ ಮಾಡಿತು.

ಕಳಚುವ ಹಕ್ಕು

ಇದಕ್ಕೆ ಎದುರಾದ ದಾರಿಯನ್ನು ಆಮ್‌ಸ್ಟರ್‌ಡಾಮಿನ ‘ಫೇರ್‌ಫೋನ್’ ಹಿಡಿಯಿತು. 2015ರ ಕೊನೆಯಲ್ಲಿ ಬಂದ ಅದರ ಎರಡನೆಯ ಫೋನಿಗೆ ಹೊಸ ಸಲಕರಣೆ ಅಂಟಿಸುವ ಆಮಿಷವಿರಲಿಲ್ಲ. ಬದಲಿಗೆ ಬ್ಯಾಟರಿಯನ್ನು ಬರಿಗೈಯಲ್ಲೇ ತೆಗೆಯಬಹುದಿತ್ತು. ಪರದೆಯನ್ನೂ ಸಲಕರಣೆಯಿಲ್ಲದೆ ಕಳಚಬಹುದಿತ್ತು. ಕ್ಯಾಮೆರಾಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. 11 ಮಿಲಿಮೀಟರ್ ದಪ್ಪದ ಅದು ಸುಂದರಾಂಗನೇನಲ್ಲ. ಆದರೆ 2023ರವರೆಗೂ ಅದಕ್ಕೆ ತಂತ್ರಾಂಶದ ನೆರವು ದೊರೆಯಿತು.

ಈ ಕಡೆಯೇ ಈಗ ಕಾನೂನೂ ವಾಲಿದೆ. 2025ರ ಜೂನ್ 20ರಿಂದ ಜಾರಿಗೆ ಬಂದಿರುವ ಐರೋಪ್ಯ ಒಕ್ಕೂಟದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳು ದೊರೆಯಬೇಕು. ಬೆನ್ನಿಗೆ ಏನನ್ನು ಅಂಟಿಸಬಹುದು ಎಂದು ಮೋಟೊ ಝಡ್ ಪ್ಲೇ ಕೇಳಿತ್ತು. ಒಡಲಿನಿಂದ ಏನನ್ನು ಕಳಚಿ ಬದಲಿಸಬಹುದು ಎಂಬುದು ಈ ನಿಯಮದ ಪ್ರಶ್ನೆ. ಕೊಂಡವನಿಗೆ ಬೇಕಾಗಿದ್ದ ಪ್ರಶ್ನೆ ಎರಡನೆಯದೇ.