ಕೋವಿಯೂ ಕಾಗದವೂ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಇಂದಿರಾನಗರದಲ್ಲಿ, ವಿಶೇಷವಾಗಿ ಡಿಫೆನ್ಸ್ ಕಾಲೋನಿಯ ಆಸುಪಾಸಿನಲ್ಲಿ, ನಿವೃತ್ತ ಸೇನಾಧಿಕಾರಿಗಳ ಮನೆಗಳು ಅನೇಕ. ಕೊಡಗಿನಿಂದ ಬಂದು ನೆಲೆಸಿದ ಕುಟುಂಬಗಳೂ ಇಲ್ಲಿವೆ. ಇಂತಹ ಮನೆಗಳಲ್ಲಿ ಹಿರಿಯರ ಕಾಲದ ಕೋವಿಯೊಂದು ಬೀರುವಿನಲ್ಲಿ ಇರುವುದು ಅಪರೂಪವಲ್ಲ. ಹಿರಿಯರು ಕಾಲವಾದ ಮೇಲೆ ಮಕ್ಕಳಿಗೆ ಅದು ಬೇಡ, ಮಾರಿಬಿಡೋಣವೆಂದು ಯೋಚಿಸುತ್ತಾರೆ. ಆದರೆ ಕೋವಿಯ ಮಾರಾಟವು ಹಳೆಯ ಸೈಕಲ್ಲಿನ ಮಾರಾಟದಂತಲ್ಲ. ಹಣ ಕೈಸೇರಿದ ಮಾತ್ರಕ್ಕೆ ಹೊಣೆ ಕೈಬಿಡುವುದಿಲ್ಲ. ಈ ನಿಯಮವು ಎಲ್ಲಿಂದ ಬಂದಿತು, ಇದರ ಹಿಂದೆ ಎಂತಹ ಇತಿಹಾಸವಿದೆ ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸುವುದು ಈ ಬರಹದ ಉದ್ದೇಶ.

ಕಥೆಯನ್ನು 1857ರಿಂದ ಆರಂಭಿಸಬೇಕು. ಸಿಪಾಯಿ ದಂಗೆಯಿಂದ ಬೆದರಿದ ಕಂಪನಿ ಸರ್ಕಾರವು ಆ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಿತು. ಜನರು ತಮ್ಮಲ್ಲಿರುವ ಆಯುಧಗಳನ್ನು ತಂದು ತೋರಿಸಬೇಕು, ನೋಂದಾಯಿಸಬೇಕು, ಅನುಮತಿ ಇಲ್ಲದವನ್ನು ಒಪ್ಪಿಸಬೇಕು ಎಂಬುದು ಅದರ ಸಾರ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ, ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧವನ್ನು ಬಿಟ್ಟುಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಬಿಟ್ಟುಕೊಟ್ಟಂತೆ. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರನ್ನು ಸುತ್ತುವರಿದು ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಅವರ ಕಥೆ ಲಾವಣಿಯಾಗಿ ಉಳಿದಿರುವುದನ್ನು ತಾವೆಲ್ಲರೂ ಪಠ್ಯಪುಸ್ತಕದಲ್ಲಿ ಓದಿಯೇ ಇದ್ದೀರಿ. ಕನ್ನಡ ನಾಡಿನಲ್ಲಿ ಆಯುಧದ ದಾಖಲೆ ಎಂಬ ವಿಚಾರವು ಹೀಗೆ ರಕ್ತದೊಡನೆ ಕಾಲಿಟ್ಟಿತು.

ಇದಾದ ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಇದೇ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ತದ್ವಿರುದ್ಧವಾದ ಆಜ್ಞೆ ಹೊರಟಿತು. ದಂಗೆಯ ಕಾಲದಲ್ಲಿ ಕೊಡಗರು ತೋರಿದ ನಿಷ್ಠೆಯನ್ನು ಮೆಚ್ಚಿ, ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ನೀಡಿದನು. ಒಂದೇ ಕಾನೂನು ಒಂದು ಕಡೆ ಉರುಳನ್ನೂ ಇನ್ನೊಂದು ಕಡೆ ಉಡುಗೊರೆಯನ್ನೂ ತಂದಿತು. ಇದಕ್ಕೆ ಆಧಾರವಾದದ್ದು ನ್ಯಾಯವಲ್ಲ, ಆಳುವವರ ನಂಬಿಕೆ ಮತ್ತು ಅಪನಂಬಿಕೆ.

1878ರಲ್ಲಿ ಲಿಟ್ಟನ್ ವೈಸರಾಯ್ ಆಗಿದ್ದಾಗ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಆಯುಧ ಕಾಯಿದೆ ಬಂದಿತು. ಭಾರತೀಯರಿಗೆ ಪರವಾನಗಿ ಕಡ್ಡಾಯ. ಯುರೋಪಿಯನ್ನರಿಗೆ ವ್ಯಾಪಕ ವಿನಾಯಿತಿ. 1809ರಲ್ಲಿ ಹಲಸೂರಿನ ಬಳಿ ಸ್ಥಾಪಿತವಾದ ನಮ್ಮ ದಂಡು ಪ್ರದೇಶವು 1881ರಿಂದ 1947ರವರೆಗೆ ಮೈಸೂರು ಅರಸರ ಆಡಳಿತದಿಂದ ಹೊರಗೆ, ಬ್ರಿಟಿಷರ ಕೈಯಲ್ಲಿಯೇ ಇದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಈ ಕಾಯಿದೆಯ ಮೇಲಿನ ಅಸಮಾಧಾನ ಎಷ್ಟಿತ್ತೆಂದರೆ, 1930ರಲ್ಲಿ ಅಹಿಂಸಾವ್ರತಿಯಾದ ಗಾಂಧೀಜಿಯವರು ಸರ್ಕಾರದ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ನೀಡಬೇಕೆಂಬುದೂ ಒಂದಾಗಿತ್ತು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಅಂಶವು ಆ ಕಾಯಿದೆಯ 5ನೆಯ ಕಲಮಿನಲ್ಲಿತ್ತು. ಸ್ವಂತ ಉಪಯೋಗಕ್ಕಾಗಿ ನ್ಯಾಯಬದ್ಧವಾಗಿ ಹೊಂದಿದ ಆಯುಧವನ್ನು ವ್ಯಾಪಾರದ ಪರವಾನಗಿ ಇಲ್ಲದೆಯೇ ಮಾರಬಹುದು. ಆದರೆ ಮಾರಿದ ಬಳಿಕ ತಡಮಾಡದೆ, ಕೊಂಡವನ ಹೆಸರು ವಿಳಾಸಗಳನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಬೇಕು. ಕೊಳ್ಳುವವನು ವಿನಾಯಿತಿ ಪಡೆದವನಾಗಿದ್ದರೆ ಈ ತಿಳಿವಳಿಕೆಯೂ ಬೇಡ!

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು ಈ ಕ್ರಮವನ್ನು ತಿರುಗಿಸಿತು. ಮಾರಿದ ಮೇಲೆ ಅಲ್ಲ, ಮಾರುವ ಮುನ್ನವೇ ಲಿಖಿತವಾಗಿ ತಿಳಿಸಬೇಕು. ಮುಂದೆ ಬಂದ ತಿದ್ದುಪಡಿಯಂತೆ, ತಿಳಿಸಿದ ದಿನದಿಂದ 45 ದಿನಗಳು ಕಳೆಯುವವರೆಗೆ ಕೋವಿಯನ್ನು ಕೈದಾಟಿಸುವಂತಿಲ್ಲ. ಈ ಅವಧಿಯಲ್ಲಿ ಕೊಳ್ಳುವವನ ಬಗ್ಗೆ ವಿಚಾರಿಸಲು ಅಧಿಕಾರಿಗಳಿಗೆ ಅವಕಾಶ ದೊರೆಯುತ್ತದೆ. ಬೆಂಗಳೂರಿನಂತಹ ನಗರದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಸ್ಥಾನದಲ್ಲಿ ಪೊಲೀಸ್ ಕಮಿಷನರು ಇರುತ್ತಾರೆ. ತಿಳಿಸದೆ ಮಾರುವುದು, ಅಥವಾ ಅವಧಿಗೆ ಮುನ್ನ ಮಾರುವುದು, ಎರಡೂ ಶಿಕ್ಷಾರ್ಹ. ಇದಲ್ಲದೆ, ಕೊಳ್ಳುವವನಿಗೆ ಆಯುಧ ಹೊಂದುವ ಹಕ್ಕಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ಒಪ್ಪಿಸುವುದು ಪ್ರತ್ಯೇಕ ಅಪರಾಧ. ‘ನನಗೆ ತಿಳಿದಿರಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ತಿಳಿದುಕೊಳ್ಳುವುದೇ ಮಾರುವವನ ಕರ್ತವ್ಯ. ಗುರುತಿನ ಸಂಖ್ಯೆಯಿಲ್ಲದ ಕೋವಿಯನ್ನಂತೂ ಮಾರುವಂತೆಯೇ ಇಲ್ಲ.

ಕೊಡಗಿನ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಕೈಲ್ ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ, ಗಂಡುಮಗು ಹುಟ್ಟಿದಾಗ ಗುಂಡು ಹಾರಿಸುವ ಜನಕ್ಕೆ ಅದು ಕೇವಲ ಆಯುಧವಲ್ಲ. ಆದರೆ ವಿನಾಯಿತಿಯು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೇರಿದ್ದೇ ಹೊರತು ಕೋವಿಗೆ ಸೇರಿದ್ದಲ್ಲ. ವಿನಾಯಿತಿ ಇದ್ದವರ ಕೋವಿಯನ್ನು ವಿನಾಯಿತಿ ಇಲ್ಲದವರು ಕೊಳ್ಳಬೇಕಾದರೆ ಪರವಾನಗಿ ಬೇಕೇ ಬೇಕು.

ವಾರಸುದಾರರಿಗೆ ಒಂದು ಮಾತು. ತಂದೆಯ ಪರವಾನಗಿ ತಂದೆಯೊಡನೆಯೇ ಮುಗಿಯುತ್ತದೆ. ಅನಂತರ ಕೋವಿಯನ್ನು ತಡಮಾಡದೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಅಲ್ಲಿಂದಲೇ ಅರ್ಹರಿಗೆ ಮಾರಿಸಿ ಹಣ ಪಡೆಯುವ ಹಕ್ಕು ವಾರಸುದಾರರಿಗಿದೆ. ಗೊತ್ತುಪಡಿಸಿದ ಅವಧಿ ಮೀರಿದರೆ ಅದು ಸರ್ಕಾರಕ್ಕೆ ಸೇರುತ್ತದೆ. ಸ್ವತಃ ಪರವಾನಗಿ ಪಡೆದು ಇಟ್ಟುಕೊಳ್ಳುವುದಾದರೆ, 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು, ಹಿಂದೆ ಮೂರಿತ್ತು. ಮಾರುವವರು ಠಾಣೆಯ ಮೊಹರಿರುವ ತಿಳಿವಳಿಕೆ ಪತ್ರದ ಪ್ರತಿ, ಕೊಂಡವರ ಪರವಾನಗಿಯ ಪ್ರತಿ, ಕೋವಿಯ ಸಂಖ್ಯೆ, ಕೈದಾಟಿದ ದಿನಾಂಕ ಇವಿಷ್ಟನ್ನು ಜೋಪಾನವಾಗಿಡಬೇಕು. ತಮ್ಮ ಪರವಾನಗಿಯಿಂದ ಆ ಕೋವಿಯ ನಮೂದನ್ನು ತೆಗೆಸಬೇಕು. ಇಪ್ಪತ್ತು ವರ್ಷಗಳ ನಂತರ ಆ ಕೋವಿ ಎಲ್ಲೋ ಒಂದು ಅಪರಾಧದಲ್ಲಿ ಕಾಣಿಸಿಕೊಂಡರೆ, ಮೊದಲು ಕೇಳುವ ಪ್ರಶ್ನೆ ‘ಇದು ಯಾರದು?’ ಎಂದೇ. ಉತ್ತರ ಕೊಡಬೇಕಾದುದು ಆ ಕಾಗದ.

ಹಲಗಲಿಯವರಿಗೆ ನೋಂದಣಿ ಎಂಬುದು ಪರಕೀಯರ ಅಪನಂಬಿಕೆಯ ಗುರುತಾಗಿತ್ತು. ಅವರು ಅದನ್ನು ಧಿಕ್ಕರಿಸಿದ್ದು ಸರಿಯೆಂದೇ ನನ್ನ ಭಾವನೆ. ಇಂದು ಕಾನೂನು ನಮ್ಮದು, ದಾಖಲೆಯೂ ನಮ್ಮದು. ನಾವು ಕೈಬಿಟ್ಟ ಕೋವಿಯಿಂದ ಅಪರಿಚಿತನೊಬ್ಬನ ಪ್ರಾಣ ಹೋಗದಿರಲೆಂದು ಬರೆದಿಡುವ ಕಾಗದವದು. ಅದೇ ಕಾಗದವು ನಿರಪರಾಧಿಯಾದ ಮಾರಾಟಗಾರನನ್ನೂ ಕಾಯುತ್ತದೆ. ಯಾರ ಮನೆಯ ಬೀರುವಿನಲ್ಲಾದರೂ ಹಿರಿಯರ ಕೋವಿ ಹಾಗೆಯೇ ಉಳಿದಿದ್ದರೆ, ಈ ವಾರವೇ ಅದರ ಕಾಗದಪತ್ರಗಳನ್ನು ತೆಗೆದು ನೋಡಿರಿ. ಎಲ್ಲರಿಗೂ ಶುಭವಾಗಲಿ.