ಜೆಂಕಿನ್ಸ್: ಕಂಟೇನರ್ ಕ್ಲಸ್ಟರಿನಲ್ಲಿ ಬಿಲ್ಡ್ ಸರ್ವರಿನ ಭದ್ರತೆ

ಪ್ರೋಗ್ರಾಮರುಗಳು ಬರೆದ ಕೋಡನ್ನು ತಾನೇ ಎತ್ತಿಕೊಂಡು ಕಂಪೈಲ್ ಮಾಡಿ, ಪರೀಕ್ಷಿಸಿ, ಬಳಕೆಗೆ ಬಿಡುವ ವ್ಯವಸ್ಥೆಯೇ ಬಿಲ್ಡ್ ಸರ್ವರ್. ಕೋಡ್ ಭಂಡಾರದ ಕೀಲಿ, ಕ್ಲೌಡ್ ಖಾತೆಯ ಟೋಕನ್, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಇದರ ವಶದಲ್ಲೇ ಇರುವುದರಿಂದ ಕಳ್ಳರ ಕಣ್ಣು ಇದರ ಮೇಲೆ ಬೀಳುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಇಂಥ ಸರ್ವರುಗಳ ಪೈಕಿ ಚೆನ್ನಾಗಿ ಪರಿಚಯವಿರುವುದು ಜೆಂಕಿನ್ಸ್.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಹಡ್ಸನ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಸನ್ ಅನ್ನು ಕೊಂಡ ಒರಾಕಲ್ ಜೊತೆ ತಕರಾರಾಗಿ 2011ರಲ್ಲಿ ಹೆಸರು ಜೆಂಕಿನ್ಸ್ ಎಂದು ಬದಲಾಯಿತು. ಆಗೆಲ್ಲ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಲಾಗಿನ್ ಕೂಡ ಕೇಳುತ್ತಿರಲಿಲ್ಲ. ಪುಟ ತೆರೆದವರೆಲ್ಲ ಅಡ್ಮಿನ್. ಕಚೇರಿಯ ಒಳಜಾಲದಲ್ಲಿ, ಗುರುತಿನವರ ನಡುವೆ ಅದು ನಡೆದುಹೋಯಿತು. 2015ರ ನವೆಂಬರಿನಲ್ಲಿ ಜಾವಾ ಡಿಸೀರಿಯಲೈಸೇಶನ್ ದೋಷ ಬಯಲಾದಾಗ, ಹೊರಗಿನವರೂ ಈ ಸರ್ವರಿನಲ್ಲಿ ತಮ್ಮ ಕೋಡ್ ಓಡಿಸಬಹುದೆಂದು ಗೊತ್ತಾಯಿತು. 2016ರ ಏಪ್ರಿಲಿನಲ್ಲಿ ಬಂದ 2.0 ಆವೃತ್ತಿ ಮೊದಲ ಸಲ ಚಾಲೂ ಆದಾಗಲೇ ಉದ್ದನೆಯ ಪಾಸ್‌ವರ್ಡೊಂದನ್ನು ಹುಟ್ಟಿಸಿ ಸರ್ವರಿನ ಒಳಗಿನ ಫೈಲಿನಲ್ಲಿ ಇಡುತ್ತದೆ. ಆ ಫೈಲನ್ನು ಓದಬಲ್ಲವರಿಗಷ್ಟೇ ಪ್ರವೇಶ. ಈ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ: ಭದ್ರತೆ ಬೇಕೆನ್ನುವವರ ಬದಲು ಬೇಡವೆನ್ನುವವರು ಶ್ರಮಪಡಬೇಕಾಯಿತು.

2014ರಲ್ಲಿ ಗೂಗಲ್, ಕಂಟೇನರ್ ಕ್ಲಸ್ಟರುಗಳನ್ನು ನಡೆಸುವ ಕುಬರ್ನೆಟೀಸ್ ಬಿಡುಗಡೆ ಮಾಡಿದ ಮೇಲೆ ಪ್ರತಿ ಬಿಲ್ಡಿಗೂ ಹೊಸ ಪಾಡ್ (ಕಂಟೇನರುಗಳ ಪುಟ್ಟ ಗುಂಪು) ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುವ ಪದ್ಧತಿ ಬೆಳೆಯಿತು. ಹಳೆಯ ಬಿಲ್ಡಿನ ಕಸ ಉಳಿಯದು, ನಿಜ. ಆದರೆ ಕಂಟೇನರ್ ಇಮೇಜ್ ಕಟ್ಟಲೆಂದು ಹಲವರು ಹೋಸ್ಟಿನ ಡಾಕರ್ ಸಾಕೆಟನ್ನೇ ಪಾಡಿನೊಳಗೆ ಮೌಂಟ್ ಮಾಡಿದರು. ಅದು ಸಿಕ್ಕವರಿಗೆ ಇಡೀ ಹೋಸ್ಟಿನ ರೂಟ್ ಅಧಿಕಾರ ಸಿಕ್ಕಂತೆ. ಕೇಳದಿದ್ದರೂ ಪ್ರತಿ ಪಾಡಿಗೆ ಸೇರುವ ಸರ್ವಿಸ್ ಅಕೌಂಟ್ ಟೋಕನ್ ಕಳ್ಳರಿಗೆ ಇನ್ನೊಂದು ದಾರಿ. ಪಾತ್ರಕ್ಕೆ ತಕ್ಕಂತೆ ಅಧಿಕಾರ ಹಂಚುವ ಆರ್‌ಬಿಎಸಿ ಕುಬರ್ನೆಟೀಸಿನಲ್ಲಿ 2017ರಲ್ಲಿ ಸ್ಥಿರವಾಯಿತು. ಅದರ 2022ರ 1.25 ಆವೃತ್ತಿಯಲ್ಲಿ, ಅಪಾಯಕಾರಿ ಪಾಡುಗಳನ್ನು ತಡೆಯುವ ಪಾಡ್ ಸೆಕ್ಯುರಿಟಿ ಅಡ್ಮಿಷನ್ ನೆಲೆಗೊಂಡಿತು. ಆದರೂ ಕ್ಲಸ್ಟರಿನ ವಿಭಾಗವಾದ ನೇಮ್‌ಸ್ಪೇಸಿಗೆ ಲೇಬಲ್ ಹಚ್ಚದಿದ್ದರೆ ಅದು ಸಾಮಾನ್ಯವಾಗಿ ಏನನ್ನೂ ತಡೆಯದು. ಜೆಂಕಿನ್ಸನ್ನು ಕುಬರ್ನೆಟೀಸಿನಲ್ಲಿ ಇನ್‌ಸ್ಟಾಲ್ ಮಾಡುವ ಹೆಲ್ಮ್ ಚಾರ್ಟ್ ಮಾತ್ರ ಎರಡು ಒಳ್ಳೆಯ ಪಾಠ ಕಲಿತಿದೆ: ಸರ್ವರ್ ರೂಟ್ ಆಗಿ ಓಡದು, ಮುಖ್ಯ ಕಂಟ್ರೋಲರಿನಲ್ಲಿ ಬಿಲ್ಡ್ ನಡೆಯದು.

2024ರ ಜನವರಿಯಲ್ಲಿ, ಜೆಂಕಿನ್ಸ್‌ನ ಕಮಾಂಡ್‌ಲೈನ್ ಮೂಲಕ ಸರ್ವರಿನ ಫೈಲುಗಳನ್ನು ಹೊರಗಿನವರು ಓದಬಹುದಾದ ದೋಷ ಪತ್ತೆಯಾಯಿತು, 2.442 ಆವೃತ್ತಿ ಆ ದಾರಿಯನ್ನೇ ಬಂದ್ ಮಾಡಿತು. ಅದೇ ವರ್ಷದ ಜುಲೈ ಕೊನೆಯಲ್ಲಿ, ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಅದರ ಪಾಲುದಾರ ಸಂಸ್ಥೆಯೊಂದು ಸರಿಯಾಗಿ ಬಿಗಿ ಮಾಡದ ಜೆಂಕಿನ್ಸ್ ಸರ್ವರಿನಿಂದಲೇ ದಾಳಿಕೋರರು ನುಗ್ಗಿದರೆಂದು ಬೆಂಗಳೂರಿನ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ವಿಶ್ಲೇಷಿಸಿತು. ರಾಷ್ಟ್ರೀಯ ಪಾವತಿ ನಿಗಮ ಸಿ-ಎಡ್ಜ್ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸಹಕಾರಿ, ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಪಾವತಿ ನಿಂತುಹೋಯಿತು.